ಒಂದೇ ಕಣ್ಣಿನ ಗತ್ತು!

ಹೀರೋ ಪಕ್ಕಕ್ಕೆ ತಿರುಗಿ ನಿಂತರೆ ಸಾಕು, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! ಈ ಸೈಡ್ ಪೋಸನ್ನು ಸಿನಿಮಾದವರೇ ಕಂಡುಹಿಡಿದರು ಅಂದುಕೊಂಡಿದ್ದೀರಾ? 1978ರವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಆಗ ನಾನು ದಾವಣಗೆರೆಯಲ್ಲಿ ಸಿನಿಮಾ ಬ್ಯಾನರ್ ಬರೆಯುವ ಮೇಷ್ಟ್ರ ಬಳಿ ಬಣ್ಣ ಕಲೆಸುತ್ತಿದ್ದೆ. ನಮ್ಮಣ್ಣನಿಗೆ ಚಿಕ್ಕಂದಿನಲ್ಲೇ ಚಿನ್ನಿ ಬಡಿದು ಬಲಗಣ್ಣು ಹೋಗಿತ್ತು. ಫೋಟೋ ಅಂದರೆ ಸಾಕು, ಎದ್ದು ಹೋಗುತ್ತಿದ್ದ. "ಅವಂದೊಂದು ಪಟ ಬರ್ದುಕೊಡೋ" ಅಂದಳು ಅವ್ವ. ಎರಡೂ ಕಣ್ಣು ಫಳಫಳ ಹೊಳೆಯುವಂತೆ ಬರೆದೆ. ಅಣ್ಣ ನೋಡಿ, "ಚೆನ್ನಾಗೈತೆ. ಯಾರಿವನು?" ಅಂದುಬಿಟ್ಟ!

ಮುಖ ಸಣ್ಣ ಮಾಡಿಕೊಂಡು ಮೇಷ್ಟ್ರ ಹತ್ತಿರ ಬಂದೆ. ಅವರು ಹಳೇ ಪುಸ್ತಕದಲ್ಲಿ ಒಂದು ಚಿತ್ರ ತೋರಿಸಿದರು. ಇಟಲಿಯ ಉರ್ಬಿನೊ ಎಂಬ ಊರಿನ ದೊರೆ ಫೆಡರಿಗೊ. ಕುದುರೆ ಮೇಲೆ ಈಟಿ ಹಿಡಿದು ಆಡುವ ಪಂದ್ಯದಲ್ಲಿ ಬಲಗಣ್ಣು ಕಳೆದುಕೊಂಡವನು. 1470ರ ದಶಕದಲ್ಲಿ ಪಿಯೆರೊ ಡೆಲ್ಲ ಫ್ರಾಂಚೆಸ್ಕ ಎಂಬ ಕಲಾವಿದ ಅವನ ಎಡಮಗ್ಗುಲನ್ನಷ್ಟೇ ಬರೆದ, ರೋಮ್ ಚಕ್ರವರ್ತಿಗಳ ನಾಣ್ಯದ ಮುಖದ ಹಾಗೆ! ಎದುರಿಗೆ ಹೆಂಡತಿ ಬತ್ತಿಸ್ತಾಳದೂ ಸೈಡ್ ಪೋಸೇ. ಜೋಡಿ ಪಟ ಇಂದಿಗೂ ಫ್ಲಾರೆನ್ಸಿನ ಉಫಿಜಿ ಗ್ಯಾಲರಿಯಲ್ಲಿದೆ.

"ಕಣ್ಣು ಮರೆ ಮಾಡಿದ, ಸರಿ. ಮಿಕ್ಕಿದ್ದು ಮುಚ್ಚಿಟ್ಟನಾ ನೋಡು" ಅಂದರು ಮೇಷ್ಟ್ರು. ಎಲ್ಲಿ ಬಂತು! ಮೆಟ್ಟಿಲಿನಂತೆ ತಗ್ಗುಬಿದ್ದ ಮೂಗು, ಕೆನ್ನೆ ಮೇಲಿನ ಮಚ್ಚೆ... ಎಲ್ಲ ಇದ್ದದ್ದು ಇದ್ದ ಹಾಗೇ!

ಮರುದಿನ ಅಣ್ಣನನ್ನು ಕಿಟಕಿ ಪಕ್ಕ ಕೂರಿಸಿದೆ. ಸೈಡ್ ಪೋಸಿನಲ್ಲಿ ಗೆರೆಯೇ ಹೀರೋ, ಸ್ವಾಮಿ! ಹಣೆಯಿಂದ ಗದ್ದದವರೆಗೆ ಒಂದು ನೂಲು ತಪ್ಪಿದರೂ ಆಸಾಮಿಯೇ ಬೇರೆ. ಕಣ್ಣು ಇಲ್ಲಿ ಮೀನಿನಾಕಾರವಲ್ಲ, ಪಕ್ಕಕ್ಕೆ ಮಲಗಿಸಿದ 'ವಿ'. ಹೊಸಬರು ಕಿವಿಯನ್ನು ಕೆನ್ನೆ ಮೇಲೆ ತಂದು, ತಲೆಯ ಹಿಂಭಾಗವನ್ನೇ ಕತ್ತರಿಸಿಬಿಡುತ್ತಾರೆ. ಕಿವಿ ಕೂರುವುದು ತಲೆಯ ನಡುವಿನಿಂದ ಹಿಂದಕ್ಕೆ. ಮೇಲ್ತುದಿ ಹುಬ್ಬಿನ ಮಟ್ಟಕ್ಕೆ, ಕೆಳತುದಿ ಮೂಗಿನ ಬುಡದ ಮಟ್ಟಕ್ಕೆ.

ಪಟ ಮುಗಿಯಿತು. ಅಣ್ಣ ಬಹಳ ಹೊತ್ತು ನೋಡಿದ.

"ನನ್ ಮೂಗು ಇಷ್ಟು ಡೊಂಕೇನೋ?"

"ಇರೋದೇ ಹಾಗಲ್ಲೇನಣ್ಣ!"

ಗಹಗಹಿಸಿ ನಕ್ಕ. ತಾನೇ ಮೊಳೆ ಹೊಡೆದು, ಬಾಗಿಲಿಗೆ ಎದುರಾಗಿ, ಬಂದವರಿಗೆಲ್ಲ ಕಾಣುವ ಹಾಗೆ ತೂಗುಹಾಕಿದ.