ಗಿಡಮೂಲಿಕೆ ಮುಲಾಮು

ಗಿಡಮೂಲಿಕೆ ಮುಲಾಮು ಎಂಬುದು ಸಸ್ಯಗಳ ಸತ್ವವನ್ನು ಎಣ್ಣೆ ಅಥವಾ ತುಪ್ಪಕ್ಕೆ ಇಳಿಸಿ, ಜೇನುಮೇಣ ಬೆರೆಸಿ ಗಟ್ಟಿಗೊಳಿಸಿದ ಚರ್ಮಲೇಪ. ಇದನ್ನು ಮನೆಯಲ್ಲಿಯೇ ತಯಾರಿಸಬಹುದು. ವಿಜಯನಗರ ಜಿಲ್ಲೆಯ ಹೊಸಪೇಟೆ, ಹಂಪಿ ಹಾಗೂ ಬಳ್ಳಾರಿ ಜಿಲ್ಲೆಯ ಸಂಡೂರು, ಕಂಪ್ಲಿಗಳಂತಹ ಬಿಸಿಲು ಮತ್ತು ಒಣಗಾಳಿಯ ಪ್ರದೇಶಗಳಲ್ಲಿ ತುಟಿ, ಅಂಗೈ, ಹಿಮ್ಮಡಿಗಳು ಒಡೆಯುವುದು ಸಾಮಾನ್ಯವಾದುದರಿಂದ ಇಂತಹ ಲೇಪಗಳ ಬಳಕೆ ಹೆಚ್ಚು.

ಇತಿಹಾಸ

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು (12ನೆಯ ಶತಮಾನ) ಅಭ್ಯಂಗ, ಸ್ನಾನ ಮತ್ತು ವಿಲೇಪನಗಳನ್ನು ರಾಜಭೋಗಗಳಲ್ಲಿ ಎಣಿಸಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಬೆಳಗಾಗುವ ಮುನ್ನವೇ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು ವ್ಯಾಯಾಮ ಮಾಡುತ್ತಿದ್ದನೆಂದು ಬರೆದಿದ್ದಾನೆ. ಜೇನುಮೇಣ ಮತ್ತು ಎಳ್ಳೆಣ್ಣೆಗಳ ಮಿಶ್ರಣಕ್ಕೆ ಆಯುರ್ವೇದದಲ್ಲಿ ಸಿಕ್ಥತೈಲವೆಂದೂ ನೂರು ಬಾರಿ ನೀರಿನಲ್ಲಿ ತೊಳೆದ ತುಪ್ಪಕ್ಕೆ ಶತಧೌತಘೃತವೆಂದೂ ಹೆಸರು. ಜೇನುಮೇಣ, ಎಣ್ಣೆ ಮತ್ತು ಗುಲಾಬಿ ನೀರುಗಳನ್ನು ಕೂಡಿಸಿದ ಲೇಪವನ್ನು ಯುರೋಪಿನಲ್ಲಿ 2ನೆಯ ಶತಮಾನದ ವೈದ್ಯ ಗ್ಯಾಲೆನ್‌ನ ಹೆಸರಿನೊಂದಿಗೆ ಜೋಡಿಸಲಾಗುತ್ತದೆ.

ಮುಲಾಮು ಮತ್ತು ಕ್ರೀಮ್

ಮುಲಾಮಿನಲ್ಲಿ ನೀರಿನ ಅಂಶವಿರುವುದಿಲ್ಲ. ಕ್ರೀಮ್ ಎಂಬುದು ಎಣ್ಣೆ ಮತ್ತು ನೀರುಗಳ ಮಿಶ್ರಣ. ಈ ವ್ಯತ್ಯಾಸವೇ ಲೇಪದ ಬಾಳಿಕೆಯನ್ನು ನಿರ್ಧರಿಸುತ್ತದೆ. ನೀರಿದ್ದಲ್ಲಿ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆಯುತ್ತವೆ. ಕಾರ್ಖಾನೆಯ ಕ್ರೀಮುಗಳಿಗೆ ಸಂರಕ್ಷಕ ರಾಸಾಯನಿಕಗಳನ್ನು ಸೇರಿಸಲು ಇದೇ ಕಾರಣ. ಲೋಳೆಸರದ ತಿರುಳಿನಲ್ಲಿ ಬಹುಪಾಲು ನೀರೇ ಇರುವುದರಿಂದ ಅದನ್ನು ಹಸಿಯಾಗಿ ಬೆರೆಸಿದ ಲೇಪ ಬೇಗ ಕೆಡುತ್ತದೆ. ಕೆಟ್ಟದ್ದು ಕಣ್ಣಿಗೆ ಕಾಣುವ ಮೊದಲೇ, ಬಿರಿದ ಚರ್ಮಕ್ಕೆ ಅದರಿಂದ ಸೋಂಕು ತಗಲಬಹುದು. ಆದ್ದರಿಂದ ಲೋಳೆಸರವನ್ನು ಆಗಿಂದಾಗ್ಗೆ ತೆಗೆದು ಹಚ್ಚುವುದು, ಇರಿಸಿಕೊಂಡು ಬಳಸಲು ಮುಲಾಮು ಮಾಡಿಕೊಳ್ಳುವುದು ಸೂಕ್ತ.

ತಯಾರಿಕೆ

ಔಷಧೀಯ ಎಣ್ಣೆಗೆ ಶಾರ್ಙ್ಗಧರ ಸಂಹಿತೆ ಹೇಳುವ ಪ್ರಮಾಣವು ಒಂದು ಪಾಲು ಕಲ್ಕ (ಅರೆದ ಮೂಲಿಕೆ), ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ದ್ರವ. ಇದರಂತೆ ಬೇವಿನ ಮುಲಾಮಿಗೆ:

1. ಅರೆದ ಬೇವಿನ ಎಲೆ 25 ಗ್ರಾಂ, ಎಳ್ಳೆಣ್ಣೆ 100 ಗ್ರಾಂ, ನೀರು 400 ಮಿಲಿಲೀಟರ್ ಸೇರಿಸಿ, ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಕಲಕುತ್ತ ಕುದಿಸಬೇಕು.
2. ನೀರು ಆರಿದ ಮೇಲೆ ಹದ ನೋಡಬೇಕು. ಕಲ್ಕವು ಬತ್ತಿಯಂತೆ ಹೊಸೆಯಲು ಬಂದು, ಅದರ ಚೂರನ್ನು ಉರಿಗೆ ಹಾಕಿದಾಗ ಚಟಪಟ ಸದ್ದಾಗದಿದ್ದರೆ ನೀರಿನ ಅಂಶ ಹೋಗಿದೆ ಎಂದರ್ಥ.
3. ತೆಳುಬಟ್ಟೆಯಲ್ಲಿ ಸೋಸಿದ ಎಣ್ಣೆಗೆ 20 ಗ್ರಾಂ ಜೇನುಮೇಣ ಹಾಕಿ, ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು ಕರಗಿಸಬೇಕು. ಮೇಣವು ಸುಮಾರು 62–64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ.
4. ಪೂರ್ಣ ಒಣಗಿದ ಗಾಜಿನ ಭರಣಿಗೆ ಸುರಿದು, ತಣ್ಣಗಾದ ಮೇಲೆಯೇ ಮುಚ್ಚಳ ಹಾಕಬೇಕು. ಇಲ್ಲವಾದರೆ ಆವಿ ನೀರಾಗಿ ಒಳಗೆ ಬೀಳುತ್ತದೆ.

ಕೊಬ್ಬರಿ ಎಣ್ಣೆ ಸುಮಾರು 25 ಡಿಗ್ರಿಯಲ್ಲಿಯೇ ಕರಗುವುದರಿಂದ ಈ ಭಾಗದ ಬೇಸಿಗೆಯಲ್ಲಿ ಅದು ತಾನಾಗಿ ಗಟ್ಟಿಯಾಗದು. ಮೇಣವನ್ನು ತುಸು ಹೆಚ್ಚಿಸಬೇಕಾಗುತ್ತದೆ. ಭರಣಿಗೆ ಒದ್ದೆ ಬೆರಳು ಹಾಕಬಾರದು. ಜಿಡ್ಡು ವಾಸನೆ ಬಂದ ಮುಲಾಮನ್ನು ಬಳಸಬಾರದು.

ಸಸ್ಯಗಳ ಲಭ್ಯತೆ

ಬೇವು, ತುಳಸಿ, ಲೋಳೆಸರಗಳು ಹಿತ್ತಲಲ್ಲಿಯೇ ಬೆಳೆಯುತ್ತವೆ. ಸಂಡೂರಿನ ಬೆಟ್ಟಗಳು ಔಷಧೀಯ ಸಸ್ಯಗಳಿಗೆ ಹೆಸರಾಗಿದ್ದು, ಅಲ್ಲಿ ಅವುಗಳ ಸಂರಕ್ಷಣಾ ಪ್ರದೇಶವೊಂದಿದೆ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ, ಬೇರು, ತೊಗಟೆಗಳನ್ನು ತರುವಂತಿಲ್ಲ.

ಎಚ್ಚರಿಕೆ ಮತ್ತು ಮಿತಿಗಳು

ಗಿಡಮೂಲಿಕೆಯಿಂದಲೂ ಅಲರ್ಜಿ ಉಂಟಾಗಬಹುದು. ಮೊದಲು ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ, ಒಂದೆರಡು ದಿನ ತುರಿಕೆ ಅಥವಾ ಕೆಂಪು ಕಾಣದಿದ್ದರೆ ಮಾತ್ರ ಮುಂದುವರಿಯಬೇಕು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪುಕಲೆ ಉಳಿಯಬಹುದು. ತೆರೆದ ಗಾಯ, ಸುಟ್ಟಗಾಯ ಮತ್ತು ಕೀವು ತುಂಬಿದ ಹುಣ್ಣುಗಳಿಗೆ ಮನೆಮುಲಾಮು ತಕ್ಕುದಲ್ಲ.

ಮುಲಾಮು ಒಣಚರ್ಮದ ತೇವವನ್ನು ಕಾಪಾಡುತ್ತದೆ. ಎಲ್ಲ ಚರ್ಮರೋಗಗಳನ್ನು ಗುಣಪಡಿಸುವುದಿಲ್ಲ. ಮುಖ್ಯವಾಗಿ, ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆ ಕುಷ್ಠರೋಗದ ಲಕ್ಷಣವಾಗಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಬಹುಔಷಧ ಚಿಕಿತ್ಸೆಯಿಂದ ಅದು ಉಚಿತವಾಗಿ ಗುಣವಾಗುತ್ತದೆ. ಲೇಪಗಳನ್ನು ನಂಬಿ ತಡಮಾಡಿದರೆ ನರಗಳಿಗೆ ಶಾಶ್ವತ ಹಾನಿಯಾಗಬಹುದು.

ಕಾನೂನು

ಸ್ವಂತ ಬಳಕೆಗೆ ಮುಲಾಮು ಮಾಡಿಕೊಳ್ಳಲು ಪರವಾನಗಿ ಬೇಕಿಲ್ಲ. ಮಾರಾಟಕ್ಕಾಗಿ ಸೌಂದರ್ಯವರ್ಧಕಗಳನ್ನು ತಯಾರಿಸುವವರು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ಪರವಾನಗಿ ಪಡೆಯಬೇಕು.