ಕಣ್ಣೂ ಕೇಳುತ್ತದೆ

ಒಂದೊಂದು ಇಂದ್ರಿಯವೂ ತನ್ನ ಕೆಲಸವನ್ನು ಪ್ರತ್ಯೇಕವಾಗಿ ಮಾಡುತ್ತದೆಂದು ನಾವು ಭಾವಿಸುತ್ತೇವೆ. ನಾರ್ತ್ ಕೆರೊಲೈನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದ ನರವಿಜ್ಞಾನಿ ಬ್ಯಾರಿ ಸ್ಟೈನ್ ತೋರಿಸಿದ್ದು ಬೇರೆಯೇ ಚಿತ್ರ. ಗಮನವನ್ನೂ ಕಣ್ಣು, ಕತ್ತುಗಳನ್ನೂ ಸದ್ದಿನತ್ತ ತಿರುಗಿಸುವ ಕೇಂದ್ರವೊಂದು ನಡುಮಿದುಳಿನಲ್ಲಿದೆ. ಬೆಕ್ಕಿನ ಆ ಭಾಗದ ನರಕೋಶಗಳನ್ನು ಅವರೂ ಅಲೆಕ್ಸ್ ಮೆರೆಡಿತ್ ಅವರೂ ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದರು. ಮಸುಕು ಬೆಳಕು, ಕ್ಷೀಣ ಸದ್ದು ಒಂದೆಡೆಯಿಂದ ಏಕಕಾಲಕ್ಕೆ ಬಂದಾಗ ಕೋಶದ ಸ್ಪಂದನ ಎರಡರ ಮೊತ್ತವನ್ನೂ ಮೀರಬಲ್ಲದು. ಸಂಕೇತಗಳು ದುರ್ಬಲವಾದಷ್ಟೂ ಕೂಡುವಿಕೆಯ ಲಾಭ ಅಧಿಕ.

ಮಾತನ್ನು ಗ್ರಹಿಸುವುದು ಮಿದುಳಿನ ಬೇರೆ ಭಾಗಗಳಾದರೂ ಅಲ್ಲಿಯೂ ನೋಟ ನೆರವಾಗುತ್ತದೆ. ಗದ್ದಲದಲ್ಲಿ ತುಟಿಗಳು ಕಂಡರೆ ಮಾತು ಹೆಚ್ಚು ತಿಳಿಯುತ್ತದೆಂದು ಸಂಬಿ ಮತ್ತು ಪೊಲಾಕ್ 1954ರಲ್ಲೇ ತೋರಿಸಿದ್ದರು.

ಊರಿನಿಂದ ಬಂದ ಹಿರಿಯರು ಉತ್ತರಿಸದಿದ್ದರೆ ಮರೆವೆಂದು ತೀರ್ಮಾನಿಸುವ ಮುನ್ನ ಕಿವಿ ಪರೀಕ್ಷಿಸಿಸೋಣ. ಅಡಿಗೆಮನೆಯಿಂದ ಕೂಗದೆ, ಎದುರು ಕುಳಿತು, ಮುಖದ ಮೇಲೆ ಬೆಳಕು ಬೀಳುವಂತೆ ಮಾತನಾಡೋಣ.