ಶ್ರೀಶೈಲದಿಂದ ಮರಳಿದ ಮೇಲೆ

ಯುಗಾದಿಗೆ ಮುನ್ನ ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಸಹಸ್ರಾರು ಮಂದಿ ಕಂಬಿ ಹೊತ್ತು ಶ್ರೀಶೈಲಕ್ಕೆ ಕಾಲ್ನಡೆಯಲ್ಲಿ ತೆರಳುವುದನ್ನು ವಾಚಕರು ಬಲ್ಲರು. ನಲ್ಲಮಲದ ಕಾಡು, ಭೀಮನ ಕೊಳ್ಳದ ಕಡಿದಾದ ಏರು, ದಾರಿಯುದ್ದದ ದಾಸೋಹ ಎಲ್ಲವೂ ಕೇಳಿದ ಮಾತೇ. ಮರಳಿದ ಮೇಲಿನ ಪಾಡೇನು?

ವಾರಗಟ್ಟಲೆ ನಡೆದ ದಾರಿ ಬಹುಮಂದಿಗೆ ಬಸ್ಸಿನಲ್ಲಿ ಒಂದೇ ರಾತ್ರಿಗೆ ಮುಗಿದುಹೋಗುತ್ತದೆ. ಬೊಬ್ಬೆಯೆದ್ದ ಅಂಗಾಲಿಗೆ ಪಾದರಕ್ಷೆ ಒಗ್ಗದು. ನಸುಕಿನಲ್ಲೇ ಎಚ್ಚರವಾಗುತ್ತದೆ, ಆದರೆ ನಡೆಯಬೇಕಾದ ಊರಿಲ್ಲ. ನಿನ್ನೆ ಗುರುತಿಲ್ಲದವರೂ ಕರೆದು ಉಣಬಡಿಸಿದರು; ಇಂದು ಕಚೇರಿಯಲ್ಲಿ ರಜೆಯ ಲೆಕ್ಕ!

ಹಳ್ಳಿಗಳಲ್ಲಿ ಮರಳಿದ ಕಂಬಿಯನ್ನು ಊರೇ ಪೂಜಿಸಿ, ಐದೇಶಿಯೆಂದು ಅನ್ನಸಂತರ್ಪಣೆ ನಡೆಸುವ ವಾಡಿಕೆಯುಂಟು. ಯಾತ್ರಿಕನು ಸಂಸಾರಕ್ಕೆ ಇಳಿಯಲು ಅದೊಂದು ಮೆಟ್ಟಿಲೆಂದು ನನ್ನ ಎಣಿಕೆ. ನಗರದವನಿಗೆ ಆ ಭಾಗ್ಯವೆಲ್ಲಿ? ಮನೆಯವರಾದರೂ ನಾಲ್ಕು ದಿನ ಬಾಡಿಗೆ, ದಿನಸಿಗಳ ಮಾತೆತ್ತದೆ, ಅವನ ದಾರಿಯ ಕಥೆಗೆ ಕಿವಿಗೊಡಲಿ.